ಮಗನ ಕೈಯಿಂದ ಪುಸ್ತಕ ಕಿತ್ತುಕೊಳ್ಳಬೇಡಿ

ಕಳೆದ ವಾರದ ಸಮಸ್ಯೆ: ಇಂಜಿನಿಯರಿಂಗ್ ಓದುವ ಮಗ ಚಕ್ ಪಾಲಾನಿಕ್ ಎಂಬ ಅಮೆರಿಕದ ಲೇಖಕನ ಕಾದಂಬರಿಗಳಲ್ಲೇ ಮುಳುಗಿದ್ದಾನೆ. ತೆರೆದು ನೋಡಿದರೆ ಹೊಡೆದಾಟ, ರಕ್ತ. ಮನೆಯಲ್ಲಿ ಮಾತೂ ಕಡಿಮೆಯಾಗಿದೆ. ಪುಸ್ತಕ ಕಿತ್ತಿಡಲೇ?

ಅಕ್ಕಾ, ಮೊದಲು ‘ಫೈಟ್ ಕ್ಲಬ್’ ನೀವೇ ಪೂರ್ತಿ ಓದಿ. ಮಧ್ಯದ ನಾಲ್ಕು ಪುಟ ತಿರುವಿದರೆ ಗುದ್ದಾಟ ಬಿಟ್ಟು ಬೇರೇನೂ ಕಾಣುವುದಿಲ್ಲ. 1996ರಲ್ಲಿ ಬಂದ ಕಾದಂಬರಿ ಅದು. ನಾಯಕನಿಗೆ ಹೆಸರೇ ಇಲ್ಲ. ಕಾರು ಕಂಪನಿಯಲ್ಲಿ ಕೆಲಸ. ಕಾರಿನ ದೋಷದಿಂದ ಜನ ಸತ್ತರೆ, ಆ ಕಾರುಗಳನ್ನೆಲ್ಲ ವಾಪಸ್ ಕರೆಸುವುದು ಅಗ್ಗವೋ, ಸತ್ತವರ ಮನೆಯವರಿಗೆ ದುಡ್ಡು ಕೊಟ್ಟು ಸುಮ್ಮನಾಗಿಸುವುದು ಅಗ್ಗವೋ ಅಂತ ಲೆಕ್ಕ ಹಾಕಬೇಕು. ರಾತ್ರಿ ನಿದ್ದೆ ಇಲ್ಲ. ಕೊನೆಗೆ ಇಲ್ಲದ ಕಾಯಿಲೆ ಇದೆ ಅಂತ ಹೇಳಿಕೊಂಡು, ರೋಗಿಗಳು ಸೇರಿ ಕಷ್ಟ ಹಂಚಿಕೊಳ್ಳುವ ಸಭೆಗಳಿಗೆ ಹೋಗಿ ಕೂರುತ್ತಾನೆ. ಅಲ್ಲಿ ಕ್ಯಾನ್ಸರ್ ಆದ ಬಾಬ್ ಎಂಬ ದೈತ್ಯದೇಹಿ ಇವನನ್ನು ಎದೆಗೆ ಒತ್ತಿ ಹಿಡಿಯುತ್ತಾನೆ. ಅತ್ತು ತಲೆಯೆತ್ತಿದರೆ ಬಾಬ್‌ನ ಅಂಗಿಯ ಮೇಲೆ ಇವನ ಮುಖದ ಒದ್ದೆ ಅಚ್ಚು. ಅವತ್ತು ರಾತ್ರಿ ಗಾಢ ನಿದ್ದೆ. ಗುದ್ದಾಟ ಶುರುವಾಗುವುದು ಇದೆಲ್ಲ ಆದಮೇಲೆ, ಅವನೂ ಟೈಲರ್ ಡರ್ಡನ್ ಎಂಬವನೂ ಸೇರಿ ಗಂಡಸರು ಗುದ್ದಾಡುವ ಕ್ಲಬ್ ಕಟ್ಟಿದಾಗ.

ಪಾಲಾನಿಕ್ ಇದನ್ನು ಸುಮ್ನೆ ಕುಳಿತು ಕಲ್ಪಿಸಿದ್ದಲ್ಲ. ಪೋರ್ಟ್‌ಲೆಂಡಿನಲ್ಲಿ ಲಾರಿ ತಯಾರಿಸುವ ಕಂಪನಿಯಲ್ಲಿ ಮೆಕ್ಯಾನಿಕ್ ಆಗಿದ್ದವರು ಅವರು. ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಇಂಥ ಸಭೆಗಳಿಗೆ ಕರೆದುಕೊಂಡು ಹೋಗುವ ಸೇವೆಯನ್ನೂ ಮಾಡಿದ್ದಾರೆ. ಕಥೆ ಮುಂದೆ ಹೋದಂತೆ ಆ ಕ್ಲಬ್ ಒಂದು ಪಡೆಯೇ ಆಗಿಬಿಡುತ್ತದೆ, ಸೇರಿದವರ ಹೆಸರನ್ನೂ ಕಸಿದುಕೊಳ್ಳುತ್ತದೆ, ಬಾಬ್ ಅದಕ್ಕೇ ಬಲಿಯಾಗುತ್ತಾನೆ, ನಾಯಕ ಹೆದರಿ ಎಲ್ಲವನ್ನೂ ನಿಲ್ಲಿಸಲು ಓಡಾಡುತ್ತಾನೆ. ತುಂಬಾ ಹುಡುಗರು ಈ ಕಾದಂಬರಿ ಆಧರಿಸಿದ 1999ರ ಸಿನಿಮಾದಿಂದ ಟೈಲರ್ ಡರ್ಡನ್‌ನ ಡೈಲಾಗ್ ಮಾತ್ರ ಹಿಡಿದುಕೊಳ್ಳುತ್ತಾರೆ. ನನಗೆ ಅದೇ ಬೇಸರ. ನಿಮ್ಮ ಮಗನಿಗೆ ಟೈಲರ್ ಬಗ್ಗೆ ಕೇಳಬೇಡಿ, ಬಾಬ್ ಬಗ್ಗೆ ಕೇಳಿ.
– ಕಾಲೇಜು ಅಧ್ಯಾಪಕಿ, ಧಾರವಾಡ

ಮೇಡಂ, ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳೂ ಇದ್ದಾಳೆ ಅಂತ ಬರೆದಿದ್ದೀರಿ. 2005ರ ‘ಹಾಂಟೆಡ್’ ಅವಳ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಅದರಲ್ಲಿರುವ ‘ಗಟ್ಸ್’ ಕಥೆಯನ್ನು ಲೇಖಕರೇ ಸಭೆಗಳಲ್ಲಿ ಓದುವಾಗ ಕೇಳುತ್ತಿದ್ದವರು ತಲೆಸುತ್ತಿ ಬಿದ್ದಿದ್ದಾರೆ. ನಾನು ಆ ಪುಸ್ತಕ ಮುಗಿಸಲಿಲ್ಲ. ಅಸಹ್ಯದ ಮೇಲೆ ಅಸಹ್ಯ ಪೇರಿಸುತ್ತಾ ಹೋದರೆ ಮನಸ್ಸು ಮರಗಟ್ಟುತ್ತದೆ, ಅಷ್ಟೇ.

‘ಲಲಬೈ’ ಮಾತ್ರ ಬೇರೆ. 1999ರಲ್ಲಿ ಪಾಲಾನಿಕ್ ತಂದೆಯ ಕೊಲೆಯಾಯಿತು. ಕೊಲೆಗಾರನಿಗೆ ಮರಣದಂಡನೆ ಬೇಕೋ ಬೇಡವೋ ಅಂತ ಮಗನೇ ಯೋಚಿಸಬೇಕಾಗಿ ಬಂತು. ಆ ಸಂಕಟದಲ್ಲಿ ಬರೆದದ್ದು, 2002ರಲ್ಲಿ ಬಂತು. ಅದರಲ್ಲಿ ಒಂದು ಪದ್ಯವಿದೆ, ಅದನ್ನು ಕೇಳಿಸಿಕೊಂಡವರು ಸಾಯುತ್ತಾರೆ. ಯಾರನ್ನು ಬೇಕಾದರೂ ಕೊಲ್ಲುವ ಶಕ್ತಿ ಬಾಯಲ್ಲೇ ಇದ್ದರೆ ಮನುಷ್ಯ ಏನು ಮಾಡಬೇಕು? ಮಗನ ಜೊತೆ ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಿಕ್ಕಿಲ್ಲ.
– ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಆಂಟಿ, ಹಾಸ್ಟೆಲ್‌ನಲ್ಲಿ ನಾವೆಲ್ಲ ಇವೇ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿ ಓದಿದವರು. ಕಿತ್ತುಕೊಂಡರೆ ಮೊಬೈಲ್‌ನಲ್ಲಿ ಓದುತ್ತಾನೆ, ಜೊತೆಗೆ ನಿಮ್ಮಿಂದ ಮುಚ್ಚಿಡುವುದನ್ನೂ ಕಲಿಯುತ್ತಾನೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆಗಿದ್ದು ಪುಸ್ತಕದ ಬಗ್ಗೆ ಅಲ್ಲ, ಅವನು ಮಾತು ಬಿಟ್ಟಿದ್ದರ ಬಗ್ಗೆ. ಊಟ ಸರಿಯಾಗಿ ಮಾಡ್ತಾನಾ, ರಾತ್ರಿಯೆಲ್ಲ ಎದ್ದಿರ್ತಾನಾ, ಕ್ಲಾಸಿಗೆ ಹೋಗ್ತಿದ್ದಾನಾ, ಬದುಕಿ ಏನು ಪ್ರಯೋಜನ ಅನ್ನೋ ಥರ ಮಾತು ಬರುತ್ತಾ, ಇದನ್ನೆಲ್ಲ ಗಮನಿಸಿ. ಒಂದರಲ್ಲಾದರೂ ಏನೋ ಸರಿಯಿಲ್ಲ ಅನ್ನಿಸಿದರೆ ತಡ ಮಾಡಬೇಡಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಮಾಡಲ್ಲ ಅಂದರೆ ನೀವೇ ಫೋನ್ ಮಾಡಿ ಕೇಳಿ.
– ಪದವಿ ವಿದ್ಯಾರ್ಥಿ, ಮೈಸೂರು