ಪದಚರ್ಚೆ: ಸೆಕೆ ಇಳಿಯುತ್ತದೋ, ತಣಿಯುತ್ತದೋ, ಆರುತ್ತದೋ?

ಗೆಳೆಯರೇ,

ಒಂದೇ ಒಂದು ಕ್ರಿಯಾಪದಕ್ಕಾಗಿ ನಾಲ್ಕು ದಿನದಿಂದ ತಡಕಾಡುತ್ತಿದ್ದೇನೆ. ಮಕ್ಕಳಿಗಾಗಿ ಮಳೆ, ಗಾಳಿ, ಬಿಸಿಲಿನ ಬಗ್ಗೆ ಪುಟ್ಟ ಬರಹ ಬರೆಯುತ್ತಿದ್ದೇನೆ. ಅದರಲ್ಲಿ ಹೀಗೊಂದು ಕಡೆ ಬರುತ್ತದೆ: ‘ಬೇಸಿಗೆಯ ಕೊನೆಗೆ ಬರುಬರುತ್ತಾ ಸೆಕೆ ಏರುತ್ತದೆ. ಒಂದು ಸಂಜೆ ಮೋಡ ಕವಿದು ಗುಡುಗುಮಳೆ ಹೊಯ್ಯುತ್ತದೆ. ಆಮೇಲೆ ಸೆಕೆ...’ ಇಲ್ಲಿಗೆ ಕೈ ನಿಂತುಬಿಟ್ಟಿತು. ಆಮೇಲೆ ಸೆಕೆ ಏನಾಗುತ್ತದೆ?

‘ಕಡಿಮೆಯಾಗುತ್ತದೆ’ ಅಂತ ಬರೆದರೆ ಮುಗಿಯಿತಲ್ಲ ಅನ್ನಬಹುದು. ತಪ್ಪೇನಿಲ್ಲ. ಆದರೆ ಫ್ಯಾನ್ ಹಾಕಿದರೂ ಸೆಕೆ ಕಡಿಮೆಯಾಗುತ್ತದೆ. ನಾನು ಹೇಳಬೇಕಾಗಿರುವುದು ಒಂದು ಕಾಲ ಮುಗಿದು ಇನ್ನೊಂದು ಶುರುವಾಗುವ ಗಳಿಗೆ. ವಾರಗಟ್ಟಲೆ ಮೈಗೆ ಬಟ್ಟೆಯೇ ಬೇಡ ಅನ್ನಿಸಿ, ಆಮೇಲೆ ಒಂದು ರಾತ್ರಿ ನಿದ್ದೆಗಣ್ಣಲ್ಲೇ ಹೊದಿಕೆ ಹುಡುಕುತ್ತೇವಲ್ಲ, ಆ ಗಳಿಗೆ.

ಮೊದಲು ‘ಸೆಕೆ’ ಅನ್ನುವ ಪದವನ್ನೇ ನೋಡಿ. ನಮ್ಮಲ್ಲಿ ಬಿಸಿಗೆ ಪದಗಳು ಬೇಕಾದಷ್ಟಿವೆ, ಒಂದೊಂದಕ್ಕೂ ಅದರದ್ದೇ ಜಾಗ. ಬಿಸಿಲು ಸೂರ್ಯನದ್ದು. ಝಳ ದೂರದಿಂದ ಬಂದು ಮುಖಕ್ಕೆ ಹೊಡೆಯುತ್ತದೆ, ಬೆಂಕಿಯದ್ದಾಗಲಿ ಬಿಸಿಲಿನದ್ದಾಗಲಿ. ಕಾವು ಒಳಗೆ ಉಳಿದುಕೊಂಡ ಬಿಸಿ. ಹೊತ್ತು ಮುಳುಗಿದ ಮೇಲೂ ಗೋಡೆಯಲ್ಲಿ ಇರುತ್ತದಲ್ಲ, ಅದು. ಬೇಗೆಯಲ್ಲಿ ‘ಬೇಯು’ ಕಾಣುತ್ತದೆ, ಸುಡುವ ನೋವೂ ಇದೆ. ಸೆಕೆ ಇವೆಲ್ಲಕ್ಕಿಂತ ಬೇರೆ. ಅದು ಗಾಳಿಯಲ್ಲಿ ಇರುವುದಲ್ಲ, ಮೈಗೆ ಆಗುವುದು. ‘ನನಗೆ ಸೆಕೆ ಆಗ್ತಿದೆ’ ಅನ್ನುತ್ತೇವೆ. ‘ನನಗೆ ಬಿಸಿಲು ಆಗ್ತಿದೆ’ ಅಂತ ಯಾರೂ ಹೇಳುವುದಿಲ್ಲ. ಮೋಡ ಮುಚ್ಚಿದ್ದರೂ ಸೆಕೆ ಇರುತ್ತದೆ, ನಡುರಾತ್ರಿಯಲ್ಲೂ ಇರುತ್ತದೆ.

(ಸೆಕೆ, ಸೆಖೆ, ಶೆಕೆ, ಶೆಖೆ ಅಂತ ನಾಲ್ಕೂ ಬಗೆಯಲ್ಲಿ ಬರೆಯುತ್ತಾರೆ. ನನಗೆ ‘ಸೆಕೆ’ಯೇ ಸರಿ ಅನ್ನಿಸುತ್ತದೆ. ಬಾಯಿಮಾತಿನಲ್ಲಿ ಇಲ್ಲದ ಮಹಾಪ್ರಾಣವನ್ನು ಬರಹದಲ್ಲಿ ಸೇರಿಸುವುದೇಕೆ? ತೆಲುಗಿನಲ್ಲಿ ಬೆಂಕಿಯ ಬಿಸಿಗೆ ‘ಸೆಗ’ ಅನ್ನುತ್ತಾರೆ. ಅಲ್ಲೂ ಮಹಾಪ್ರಾಣ ಇಲ್ಲ.)

ಸೆಕೆ ಆಗಬೇಕಾದರೆ ಬಿಸಿ ಒಂದೇ ಸಾಲದು, ತೇವವೂ ಬೇಕು. 35 ಡಿಗ್ರಿ ಒಣಗಾಳಿಯಲ್ಲಿ ನೆರಳು ಸಿಕ್ಕರೆ ಸಾಕು, ಹಾಯ್ ಅನ್ನಿಸುತ್ತದೆ. ಅದೇ 35 ಡಿಗ್ರಿಯಲ್ಲಿ ಗಾಳಿ ತೇವವಾಗಿದ್ದರೆ ಬೆವರು ಇಳಿಯುತ್ತಲೇ ಇರುತ್ತದೆ, ಆವಿಯಾಗುವುದಿಲ್ಲ. ಬೆವರು ಇಳಿದ ಮಾತ್ರಕ್ಕೆ ಮೈ ತಂಪಾಗದು, ಅದು ಆವಿಯಾಗಬೇಕು. ಒಂದು ಲೀಟರ್ ಬೆವರು ಮೈಮೇಲೇ ಪೂರ್ತಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಬಿಸಿಯನ್ನು ಹೊತ್ತೊಯ್ಯುತ್ತದೆ. 25 ಡಿಗ್ರಿಯ 7 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಬಿಸಿ ಸಾಕು. ಈ ದಾರಿ ಮುಚ್ಚಿಹೋದಾಗ ಆಗುವುದೇ ಸೆಕೆ.

ಇದನ್ನು ತಲೆಯಲ್ಲಿಟ್ಟುಕೊಂಡು ಒಂದೊಂದೇ ಕ್ರಿಯಾಪದವನ್ನು ಇಟ್ಟು ನೋಡಿದೆ.

‘ಇಳಿಯುತ್ತದೆ’. ಜ್ವರ ಇಳಿಯುತ್ತದೆ, ಬಿಸಿಲು ಇಳಿಯುತ್ತದೆ, ತಾಪಮಾನ ಇಳಿಯುತ್ತದೆ. ಅಳತೆಯ ಮಾತಿಗೆ ಚೆನ್ನಾಗಿದೆ. ಆದರೆ ಇಳಿದದ್ದು ನಾಳೆ ಏರಲೂಬಹುದು, ಅಲ್ವಾ? ಬಿಸಿಲು ದಿನಾ ಸಂಜೆ ಇಳಿಯುತ್ತದೆ, ಮರುದಿನ ಮತ್ತೆ ಏರುತ್ತದೆ.

‘ಮುರಿಯುತ್ತದೆ’ ಅಂತ ಒಬ್ಬರು ಹೇಳಿದರು. ‘ಬಿಸಿಲಿನ ಸೊಕ್ಕು ಮುರಿಯಿತು’ ಅಂದರೆ ಕಿವಿಗೆ ಹಿತವಾಗಿದೆ, ಆದರೆ ಮುರಿದದ್ದು ಸೊಕ್ಕು. ‘ಸೆಕೆ ಮುರಿಯಿತು’ ಅನ್ನುವುದು ನನಗೆ ಹೊರಗಿನ ಮಾತಿನ ಹಾಗೆ ಕೇಳಿಸುತ್ತದೆ.

‘ತಣಿಯುತ್ತದೆ’ ಪದ ನನಗೆ ತುಂಬಾ ಇಷ್ಟ. ತಣ್ಣಗೆ, ತಂಪು, ತಣ್ಣೀರು, ತಂಗಾಳಿ ಎಲ್ಲವೂ ‘ತಣ್’ ಅನ್ನುವ ಒಂದೇ ಬೇರಿನಿಂದ ಬಂದವು. ‘ತಣಿ’ಯಲ್ಲಿ ತಂಪಿನ ಜೊತೆ ತೃಪ್ತಿಯೂ ಇದೆ: ಮನಸ್ಸು ತಣಿಯಿತು, ಕಣ್ಣು ತಣಿಯಿತು. ಮೊದಲ ಮಳೆಗೆ ನೆಲ ತಣಿಯಿತು ಅಂದರೆ ಅದಕ್ಕಿಂತ ಚೆಂದದ ಮಾತು ಬೇಕಿಲ್ಲ. ಆದರೆ ತೊಡಕು ಅಲ್ಲೇ ಇದೆ. ನೆಲ ತಣಿದರೂ ಸೆಕೆ ಹೋಗದೇ ಇರಬಹುದು. ಹತ್ತು ನಿಮಿಷ ರಪರಪ ಹೊಡೆದು ನಿಂತ ಮಳೆ ನೆನಪಿಸಿಕೊಳ್ಳಿ. ಬಿಸಿಲು ಮತ್ತೆ ಬರುತ್ತದೆ, ಕಾದ ನೆಲದ ಮೇಲೆ ಬಿದ್ದ ನೀರು ಆವಿಯಾಗಿ ಏಳುತ್ತದೆ. ಥರ್ಮಾಮೀಟರ್ ಎರಡು ಮೂರು ಡಿಗ್ರಿ ಕಡಿಮೆ ತೋರಿಸಿದರೂ ಮೈಗೆ ಮೊದಲಿಗಿಂತ ಜಾಸ್ತಿ ಸೆಕೆ. ‘ಈ ಮಳೆ ಬರದಿದ್ದರೇ ಚೆನ್ನಾಗಿತ್ತು’ ಅನ್ನಿಸುವ ಮಳೆ ಅದು. ಬಿಸಿ ಇಳಿದಿದೆ, ನೆಲ ತಣಿದಿದೆ, ತೇವ ಮಾತ್ರ ಏರಿದೆ.

ಹೀಗೆ ಯೋಚಿಸುತ್ತಿರುವಾಗ ‘ಆರು’ ನೆನಪಾಯಿತು.

ಕಾಯಿಸಿದ ನೀರು ಆರಿತು ಅನ್ನುತ್ತೇವೆ, ಬಿಸಿ ಹೋಯಿತು ಅಂತ ಅರ್ಥ. ಬಟ್ಟೆ ಆರಿತು ಅನ್ನುತ್ತೇವೆ, ಒದ್ದೆ ಹೋಯಿತು ಅಂತ ಅರ್ಥ. ಒರೆಸಿದ ನೆಲ ಆರಲಿ, ಆಮೇಲೆ ಕಾಲಿಡು ಅನ್ನುತ್ತೇವೆ. ದೀಪ ಆರುತ್ತದೆ, ಗಾಯ ಆರುತ್ತದೆ, ದಣಿವು ಆರುತ್ತದೆ. ಹಳಗನ್ನಡದಲ್ಲಿ ಇದನ್ನು ಶಕಟರೇಫ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ) ಹಾಕಿ ‘ಆಱು’ ಅಂತ ಬರೆಯುತ್ತಿದ್ದರು. ಬಿಸಿ ಹೋಗುವುದಕ್ಕೂ ಒದ್ದೆ ಹೋಗುವುದಕ್ಕೂ ಕನ್ನಡ ಒಂದೇ ಪದ ಇಟ್ಟುಕೊಂಡಿದೆ. ಸೆಕೆ ತೊಲಗಬೇಕಾದರೆ ಹೋಗಬೇಕಾದವೂ ಈ ಎರಡೇ!

ಬೆವರಿನ ಮಾತು ನೋಡಿ. ‘ಸ್ವಲ್ಪ ಕೂತು ಬೆವರು ಆರಿಸಿಕೋ’ ಅನ್ನುತ್ತೇವೆ. ಬೆವರು ಒಣಗಲಿ ಅಂತಲೋ, ಮೈ ತಂಪಾಗಲಿ ಅಂತಲೋ? ಎರಡೂ ಹೌದು. ಅಲ್ಲಿ ಒಣಗುವುದೂ ತಂಪಾಗುವುದೂ ಒಂದೇ ಕೆಲಸ, ಹಾಗಾಗಿ ಪದವೂ ಒಂದೇ. ಇದು ಹೊಳೆದಾಗ ತುಂಬಾ ಖುಷಿಯಾಯಿತು.

ತಮಿಳಿನ ಜೊತೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಅಲ್ಲೂ ‘ಆಱು’ ಇದೆ. ಬಿಸಿ ಆರುವುದಕ್ಕೆ, ಗಾಯ ಮಾಯುವುದಕ್ಕೆ ಬಳಸುತ್ತಾರೆ. ಆದರೆ ಬಟ್ಟೆ ಒಣಗುವುದಕ್ಕೆ ಅಲ್ಲಿ ‘ಕಾಯ್’ ಬರುತ್ತದೆ. ನಮ್ಮ ‘ಕಾಯು’ ಅಂದರೆ ಬಿಸಿಯಾಗು. ತಮಿಳಿನಲ್ಲಿ ಅದಕ್ಕೆ ಬಿಸಿಯಾಗು, ಒಣಗು ಎರಡೂ ಅರ್ಥ ಇವೆ. ಅಂದರೆ ಅಲ್ಲಿ ಒಣಗುವುದು ಬಿಸಿಯ ಜೊತೆ ಸೇರಿಕೊಂಡಿತು, ಇಲ್ಲಿ ತಂಪಿನ ಜೊತೆ. ಅಕ್ಕಪಕ್ಕದ ಎರಡು ನುಡಿಗಳು ಒಂದೇ ಒದ್ದೆ ಬಟ್ಟೆಯನ್ನು ಎರಡು ಕಡೆಯಿಂದ ನೋಡಿವೆ.

‘ಒಣಗು’ ಇಲ್ಲಿ ಹೊಂದುವುದಿಲ್ಲ. ಒಣಗಿದ ಎಲೆ, ಒಣಗಿದ ಕೆರೆ ಅಂದಾಗ ಇರಬೇಕಾದ ನೀರೂ ಹೋಗಿರುತ್ತದೆ. ‘ಆರು’ ಸಾಮಾನ್ಯವಾಗಿ ಹೆಚ್ಚಾದದ್ದು ಹೋಗಿ ಹದಕ್ಕೆ ಬರುವುದು. ಬಾಯಾರಿಕೆಯಲ್ಲಿ ಹಾಗಿಲ್ಲ, ಅಲ್ಲಿ ಬಾಯಿಗೆ ಬೇಕಾದ ಪಸೆಯೇ ಆರಿಹೋಗಿದೆ. ಆದರೆ ದಣಿವಾರುವುದು, ಗಾಯ ಆರುವುದು ಎರಡರಲ್ಲೂ ತೊಂದರೆ ತಾನೇ ಕರಗಿಹೋಗುತ್ತದೆ. ಸೆಕೆಯೂ ಆ ಸಾಲಿಗೆ ಸೇರುವ ತೊಂದರೆಯೇ.

ಗುಡುಗುಮಳೆ ಮಾಡುವುದೂ ಇದೇ ಕೆಲಸ. ನೆಲದ ಹತ್ತಿರದ ಬಿಸಿ, ತೇವದ ಗಾಳಿ ಮೇಲಕ್ಕೇರುತ್ತದೆ. ಮೇಲೆ ಆವಿ ನೀರಾಗುವಾಗ ಅದರೊಳಗಿನ ಬಿಸಿ ಹೊರಬಂದು ಗಾಳಿಯನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಮೋಡ 10 ಕಿಲೋಮೀಟರ್ ದಾಟಿ ಬೆಳೆಯುತ್ತದೆ. ಆಮೇಲೆ ಹನಿಗಳು ಬೀಳಲು ಶುರುವಾಗುತ್ತವೆ. ಮೋಡದ ಕೆಳಗಿನ ಗಾಳಿ ಮೋಡದೊಳಗಿನಷ್ಟು ತೇವವಾಗಿರುವುದಿಲ್ಲ, ಹಾಗಾಗಿ ಅವುಗಳಲ್ಲಿ ಎಷ್ಟೋ ಹನಿಗಳು ನೆಲ ಮುಟ್ಟುವ ಮೊದಲೇ ಆರಿಹೋಗುತ್ತವೆ. ಅವು ಆರುವಾಗ ಸುತ್ತಲ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತವೆ. ತಂಪಾದ ಗಾಳಿ ಭಾರವಾಗಿ ಕೆಳಕ್ಕೆ ಧುಮುಕುತ್ತದೆ, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆ ಇನ್ನೂ ಬಂದಿರುವುದಿಲ್ಲ, ಬಾಗಿಲು ಕಿಟಕಿ ಬಡಿದುಕೊಳ್ಳುತ್ತವೆ, ಒಮ್ಮೆಲೇ ಮೈಗೆ ತಣ್ಣನೆ ಗಾಳಿ ತಾಗುತ್ತದೆ. ಕೆಲವೇ ನಿಮಿಷದಲ್ಲಿ 10 ಡಿಗ್ರಿಯಷ್ಟು ತಾಪಮಾನ ಇಳಿಯುವುದೂ ಉಂಟು. ನಮ್ಮ ಮೈಗೆ ಬೆವರು ಮಾಡುವುದನ್ನೇ ಗಾಳಿಗೆ ಈ ಹನಿಗಳು ಮಾಡುತ್ತವೆ.

ಆ ಗಾಳಿಗೂ ಒಂದು ಹೆಸರು ಬೇಕು. ‘ತಂಗಾಳಿ’ ಅಂದರೆ ಮೆಲ್ಲಗೆ ಬೀಸುವಂಥದ್ದು, ಕಿಟಕಿ ಬಡಿಯುವಂಥದ್ದಲ್ಲ. ‘ಬಿರುಗಾಳಿ’ಯಲ್ಲಿ ರಭಸ ಇದೆ, ತಂಪಿಲ್ಲ. ಹಳಗನ್ನಡದ ‘ಕುಳಿರ್’ ಹಿಡಿದು ಕುಳಿರ್ಗಾಳಿ ಅನ್ನಬಹುದು, ಆದರೆ ಮಕ್ಕಳಿಗೆ ಅದು ಮೈ ಕೊರೆಯುವ ಚಳಿಯಂತೆ ಕೇಳಿಸೀತು. ಸದ್ಯಕ್ಕೆ ‘ಮಳೆಗಾಳಿ’ ಅಂತ ಬರೆದಿಟ್ಟಿದ್ದೇನೆ.

‘ಗುಡುಗು ಸಹಿತ ಮಳೆ’ ಅಂತ ಸುದ್ದಿಯಲ್ಲಿ ಹೇಳುತ್ತಾರಲ್ಲ, ಅದರ ಬದಲು ‘ಗುಡುಗುಮಳೆ’ ಸಾಕು ಅಂತ ನನ್ನ ಅನಿಸಿಕೆ. ‘ಗುಡುಗು ಬಡಿದು ಮರ ಸುಟ್ಟಿತು’ ಅಂತ ಬರೆಯುವುದನ್ನಂತೂ ದಯವಿಟ್ಟು ಬಿಡೋಣ. ಕಾಣುವುದು ಮಿಂಚು, ಕೇಳುವುದು ಗುಡುಗು, ಬಡಿಯುವುದು ಸಿಡಿಲು. ಮೂರಕ್ಕೂ ಬೇರೆ ಬೇರೆ ಪದ ಇರುವಾಗ ಕಲಸಿಬಿಡುವುದು ಬೇಡ.

ಈಗ ನನ್ನ ಸಾಲು ಹೀಗಾಗಿದೆ: ‘ಸಣ್ಣ ಮಳೆಗೆ ನೆಲ ತಣಿಯುತ್ತದೆ, ಸೆಕೆ ಆರುವುದಿಲ್ಲ. ದೊಡ್ಡ ಗುಡುಗುಮಳೆಯ ಹಿಂದೆಯೇ ತಂಪಾದ ಒಣ ಗಾಳಿ ಬಂದು ನೆಲೆಸಿದರೆ ಸೆಕೆ ಆರುತ್ತದೆ.’

ಬಿಸಿ ಆರಿತು, ಕಾವು ಆರಿತು ಅನ್ನುವುದು ದಿನದ ಮಾತು. ‘ಸೆಕೆ ಆರಿತು’ ಅಷ್ಟು ಬಳಕೆಯಲ್ಲಿಲ್ಲ, ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇದನ್ನು ಕೇಳಿದ್ದೀರಾ? ಕೇಳಿದ್ದರೆ ಯಾವ ಮಾತಿನ ನಡುವೆ ಬಂತು ಅಂತ ಇಡೀ ವಾಕ್ಯವನ್ನೇ ಬರೆಯಿರಿ. ಮಳೆಗೆ ಮುಂಚೆ ನುಗ್ಗುವ ಆ ತಣ್ಣನೆ ಗಾಳಿಗೆ ನಿಮ್ಮ ಕಡೆ ಬೇರೆ ಹೆಸರಿದ್ದರೆ ಅದನ್ನೂ ತಿಳಿಸಿ, ‘ಮಳೆಗಾಳಿ’ಯನ್ನು ತೆಗೆದು ಅದನ್ನೇ ಹಾಕುತ್ತೇನೆ.