ದುಡಿಯುವ ವಯಸ್ಕರು ವಿಶ್ವವಿದ್ಯಾಲಯಕ್ಕೆ ಬರಬೇಕಾದರೆ: ಪ್ರಶ್ನೋತ್ತರ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ನಿರಂತರ ಶಿಕ್ಷಣ ವಿಭಾಗದ ಸಂಯೋಜಕಿ. ಉದ್ಯೋಗಸ್ಥರಿಗಾಗಿ ಸಂಜೆ ತರಗತಿಗಳನ್ನು ಆರಂಭಿಸಿದ್ದೇವೆ. ವಿಚಾರಿಸಲು ಬರುವವರು ಬಹಳ ಮಂದಿ, ಪ್ರವೇಶ ಪಡೆಯುವವರು ಕೆಲವರೇ. ಅವರಲ್ಲೂ ಅರ್ಧಕ್ಕೆ ಬಿಡುವವರಿದ್ದಾರೆ. ಎಲ್ಲವನ್ನೂ ಆನ್‌ಲೈನ್ ಮಾಡಿದರೆ ಸಾಕೆಂಬುದು ಆಡಳಿತದವರ ಅಭಿಪ್ರಾಯ. ಈ ಕ್ಷೇತ್ರದಲ್ಲಿ ಅನುಭವವುಳ್ಳವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಮೇಡಂ, ವಯಸ್ಕರ ಕಲಿಕೆಗೆ ಎದುರಾಗುವ ಅಡೆತಡೆಗಳನ್ನು ಅಮೆರಿಕದ ಶಿಕ್ಷಣ ಸಂಶೋಧಕಿ ಕೆ. ಪೆಟ್ರೀಷಿಯಾ ಕ್ರಾಸ್ ಅವರು 1981ರಲ್ಲಿ ಮೂರು ಬಗೆಯಾಗಿ ವಿಂಗಡಿಸಿದರು: ಬದುಕಿನ ಪರಿಸ್ಥಿತಿಯಿಂದ ಬರುವವು, ಸಂಸ್ಥೆಯೇ ಒಡ್ಡುವವು, ಕಲಿಯುವವರ ಮನಸ್ಸಿನ ಹಿಂಜರಿಕೆಯಿಂದ ಹುಟ್ಟುವವು. ಆನ್‌ಲೈನ್ ತರಗತಿಯಿಂದ ಮೊದಲನೆಯದು ಒಂದಿಷ್ಟು ಸಡಿಲವಾಗುತ್ತದೆ, ಅಷ್ಟೇ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು 1971ರಲ್ಲಿ, ಪ್ರವೇಶಕ್ಕೆ ಹಿಂದಿನ ಅರ್ಹತೆಯನ್ನೇ ಕೇಳದೆ, ಮೊದಲ ವಿದ್ಯಾರ್ಥಿಗಳಿಗೆ ಪಾಠ ಆರಂಭಿಸಿದಾಗ ಜನರ ಕಣ್ಣಿಗೆ ಬಿದ್ದದ್ದು ಅದರ ದೂರದರ್ಶನ ಪಾಠಗಳು; ಆದರೆ ಅವುಗಳ ಜೊತೆಗೆ ಅಸೈನ್‌ಮೆಂಟ್‌ಗಳನ್ನು ತಿದ್ದಿ ಟಿಪ್ಪಣಿ ಬರೆದು ಕಳುಹಿಸುವ ಬೋಧಕರೂ ಸ್ಥಳೀಯ ಅಧ್ಯಯನ ಕೇಂದ್ರಗಳೂ ಇದ್ದವೆಂಬುದನ್ನು ಆಡಳಿತದವರಿಗೆ ನೆನಪಿಸಿ.

ನೀವು ಮೊದಲು ಕೈಹಾಕಬೇಕಾದದ್ದು ಎರಡನೆಯ ಬಗೆಯ, ಅಂದರೆ ಸಂಸ್ಥೆಯೇ ಒಡ್ಡುವ ಅಡೆತಡೆಗಳಿಗೆ, ಏಕೆಂದರೆ ಅವು ನಿಮ್ಮ ಕೈಯಲ್ಲೇ ಇವೆ. ತರಗತಿ ಸಂಜೆಗಿದ್ದರೂ ಶುಲ್ಕ ಕಟ್ಟುವ ಕಚೇರಿ, ಗ್ರಂಥಾಲಯದ ಕೌಂಟರ್, ಪರೀಕ್ಷೆ ಎಲ್ಲವೂ ಹಗಲಿನಲ್ಲೇ ಇದ್ದರೆ ಉದ್ಯೋಗಸ್ಥರು ಪ್ರತಿಯೊಂದು ಸಹಿಗೂ ರಜೆ ಹಾಕಬೇಕಾಗುತ್ತದೆ. ಇಡೀ ವರ್ಷದ ಶುಲ್ಕವನ್ನು ಒಮ್ಮೆಲೇ ಕೇಳುವ ಬದಲು ತೆಗೆದುಕೊಂಡ ಕ್ರೆಡಿಟ್‌ಗಳಿಗೆ (ಪದವಿಯ ಲೆಕ್ಕಕ್ಕೆ ಸೇರುವ ಕಲಿಕೆಯ ಘಟಕಗಳಿಗೆ) ಮಾತ್ರ ಶುಲ್ಕ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಕಾಯಿಲೆಯೋ ಕೆಲಸದಲ್ಲಿ ವರ್ಗಾವಣೆಯೋ ಬಂದು ಒಂದು ಅವಧಿ ತಪ್ಪಿದವರು ಗಳಿಸಿದ ಕ್ರೆಡಿಟ್‌ಗಳನ್ನು ಕಳೆದುಕೊಳ್ಳದೆ, ದಂಡ ಕಟ್ಟದೆ, ಹೊಸ ಅರ್ಜಿ ಹಾಕದೆ ಮರಳಿ ಬರುವಂತೆ ನಿಯಮವಿರಲಿ. ವಯಸ್ಕರು ಓದನ್ನು ನಿಲ್ಲಿಸುವುದು ಅನೇಕ ವೇಳೆ ತಾತ್ಕಾಲಿಕ. ಅದನ್ನು ಶಾಶ್ವತವಾಗಿಸುವುದು ನಮ್ಮ ನಿಯಮಗಳು.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಸರ್, ಕೆಲಸದ ಅನುಭವಕ್ಕೂ ಕ್ರೆಡಿಟ್ ಕೊಡಬೇಕೆನ್ನುತ್ತಾರೆ. ಇದರಿಂದ ಪದವಿಯ ಮಟ್ಟ ಕುಸಿಯುತ್ತದೆಂದು ನಮ್ಮ ಅಧ್ಯಾಪಕರು ಆಕ್ಷೇಪಿಸುತ್ತಿದ್ದಾರೆ.

ಉತ್ತರ: ಅನುಭವದ ವರ್ಷಗಳನ್ನು ಎಣಿಸಿ ಕ್ರೆಡಿಟ್ ಹಂಚಿದರೆ ಅವರ ಆಕ್ಷೇಪ ನ್ಯಾಯವೇ. ಅಳೆಯಬೇಕಾದದ್ದು ಕಲಿತದ್ದನ್ನು. ಹತ್ತು ವರ್ಷ ಲೆಕ್ಕಪತ್ರ ನೋಡಿಕೊಂಡವರು ತಾವು ಸಿದ್ಧಪಡಿಸಿದ ದಾಖಲೆಗಳ ಮಾದರಿಗಳನ್ನು, ಕೈಗೊಂಡ ನಿರ್ಧಾರಗಳ ವಿವರಣೆಯನ್ನು ಕಡತವಾಗಿ ಒಪ್ಪಿಸಲಿ. ಆ ವಿಷಯ ಬೋಧಿಸುವ ಅಧ್ಯಾಪಕರೇ ಪಠ್ಯಕ್ರಮದ ಗುರಿಗಳೊಂದಿಗೆ ಹೋಲಿಸಿ, ಮೌಖಿಕ ಪರೀಕ್ಷೆ ನಡೆಸಿ ತೀರ್ಮಾನಿಸಲಿ. ಫ್ರಾನ್ಸ್ 2002ರ ಕಾನೂನಿನಲ್ಲಿ, ಅನುಭವದಿಂದ ಕಲಿತದ್ದನ್ನು ತೀರ್ಪುಗಾರರ ಮಂಡಳಿಯ ಮುಂದೆ ಸಾಬೀತುಪಡಿಸಿ ಪೂರ್ಣ ಪದವಿಯನ್ನೇ ಪಡೆಯಲು ಅವಕಾಶ ಕಲ್ಪಿಸಿತು. ನೀವು ಅಷ್ಟು ದೂರ ಹೋಗಬೇಕಾಗಿಲ್ಲ; ಒಪ್ಪುವ ಒಂದು ವಿಭಾಗದಲ್ಲಿ, ಒಂದೆರಡು ವಿಷಯಗಳಿಂದ ಆರಂಭಿಸಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಸರ್. ಮೂರನೆಯ ಬಗೆಯ ಅಡೆತಡೆಗೆ, ಅಂದರೆ ಮನಸ್ಸಿನ ಹಿಂಜರಿಕೆಗೆ, ಏನು ಮಾಡಬಹುದು?

ಉತ್ತರ: ಬಹುಕಾಲ ಪುಸ್ತಕ ಮುಟ್ಟದವರು ಹೆದರುವುದು ಪಾಠಕ್ಕಿಂತ ಹೆಚ್ಚಾಗಿ ಮೊದಲ ಪ್ರಬಂಧಕ್ಕೆ. ಆದ್ದರಿಂದ ಅಂಕಗಳಿಲ್ಲದ ಒಂದು ಕಿರು ಬರವಣಿಗೆಯನ್ನು ಮೊದಲ ವಾರಗಳಲ್ಲೇ ಬರೆಸಿ, ಬೇಗ ತಿದ್ದಿ ಕೊಡಿ. ಹಾಗೆಯೇ ವಿಚಾರಿಸಿ ಹೋಗಿ ಮರಳಿ ಬಾರದವರಿಗೆ ನಿಮ್ಮ ಸಿಬ್ಬಂದಿ ಫೋನ್ ಮಾಡಿ, ಯಾವ ಹಂತದಲ್ಲಿ ಬೇಡವೆನಿಸಿತೆಂದು ಕೇಳಲಿ. ಮುಂದಿನ ಪ್ರಚಾರಕ್ಕೆ ಹಣ ಮಂಜೂರು ಮಾಡಿಸುವ ಮೊದಲೇ ಆ ಉತ್ತರಗಳನ್ನು ಆಡಳಿತದವರ ಮುಂದಿಡಿ.