ಸಹಾಯ ಬೇಕು: ತಮ್ಮನ ಮೈಮೇಲೆ ಗಂಟು, ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮರಳಿರಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ನನ್ನ ತಮ್ಮನಿಗೆ 34 ವರ್ಷ. ಎರಡು ವರ್ಷದ ಹಿಂದೆ ಎಎಂಎಲ್ ಅನ್ನೋ ಲ್ಯುಕೇಮಿಯಾ, ಅದರಲ್ಲೂ ಎಂ5 ಅನ್ನೋ ಒಳಬಗೆ ಅಂತ ಗೊತ್ತಾಯ್ತು. ಬೆಂಗಳೂರಲ್ಲಿ ಕೀಮೋ ಮುಗಿದು 14 ತಿಂಗಳಾಯ್ತು. ಆರಾಮಾಗಿದ್ದ, ಅಂಗಡಿಗೂ ಹೋಗ್ತಿದ್ದ.

ಮೂರು ವಾರದಿಂದ ಎದೆ, ಬೆನ್ನ ಮೇಲೆ ಕೆಂಪು-ನೇರಳೆ ಬಣ್ಣದ ಗಟ್ಟಿ ಗಂಟುಗಳು ಎದ್ದಿವೆ. ನೋವಿಲ್ಲ, ತುರಿಕೆಯೂ ಇಲ್ಲ. ಇಲ್ಲಿನ ಡಾಕ್ಟರು ಅಲರ್ಜಿ ಅಂತ ಮುಲಾಮು ಕೊಟ್ಟರು, ಒಂದೂ ಕರಗಿಲ್ಲ. ರಕ್ತದ ರಿಪೋರ್ಟ್ ನಾರ್ಮಲ್ ಇದೆ ಅಂತ ಮನೆಯವರೆಲ್ಲ ಸಮಾಧಾನವಾಗಿದ್ದಾರೆ. ನನಗೆ ನಿದ್ದೆ ಬರ್ತಿಲ್ಲ. ಲ್ಯುಕೇಮಿಯಾ ಕಣಗಳು ಚರ್ಮಕ್ಕೂ ಇಳಿಯಬಹುದು, ಎಂ4, ಎಂ5 ಬಗೆಯಲ್ಲಿ ಇದು ಹೆಚ್ಚು, ಕೆಲವರಲ್ಲಿ ರಕ್ತದಲ್ಲಿ ಗೊತ್ತಾಗೋ ಮುಂಚೆಯೇ ಮೈಮೇಲೆ ಕಾಣುತ್ತೆ ಅಂತ ಹಿಂದೆ ಚಿಕಿತ್ಸೆ ಕೊಟ್ಟ ಮೇಡಂ ಹೇಳಿದ್ದರು.

ಸೋಮವಾರ ಅವರ ಹತ್ತಿರವೇ ಹೊರಟಿದ್ದೇವೆ. ಚರ್ಮದ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡೋ ಪರೀಕ್ಷೆ), ಬೋನ್ ಮ್ಯಾರೋ (ಮೂಳೆಮಜ್ಜೆ) ಟೆಸ್ಟ್ ಎರಡನ್ನೂ ಒಂದೇ ಸಲ ಮಾಡ್ತಾರಾ? ರಿಪೋರ್ಟ್ ಬರೋಕೆ ಎಷ್ಟು ದಿನ ಹಿಡಿಯಿತು? ಹೀಗೇ ಆದವರಿಗೆ ಮುಂದೆ ಯಾವ ಚಿಕಿತ್ಸೆ ಕೊಟ್ಟರು? ಅನುಭವ ಇದ್ದವರು ದಯವಿಟ್ಟು ಬರೆಯಿರಿ. ನನ್ನ ಅನುಮಾನವನ್ನ ಅಮ್ಮನಿಗೆ ಇನ್ನೂ ಹೇಳಿಲ್ಲ.